ಬಣ್ಣ ತೆಗೆದರೆ 'ಹೀರೋ' ಚಿತ್ರದಲ್ಲಿ ಏನು ಉಳಿಯುತ್ತೆ?

ಹಳೇ ಟಾಕೀಸು

ಮೊನ್ನೆ ಭಾನುವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೀನೀ ನಿರ್ದೇಶಕ ಜಾಂಗ್ ಯಿಮೌನ 'ಹೀರೋ' ಮತ್ತೆ ನೋಡಿದೆ. 2002ರ ಚಿತ್ರ. ಮೊದಲ ಸಲ ನೋಡಿದ್ದು ಹಾಸ್ಟೆಲ್ಲಿನಲ್ಲಿ, ಗೀರು ಬಿದ್ದ ಸಿಡಿಯಲ್ಲಿ, ಒಂದು ಕಂಪ್ಯೂಟರಿನ ಮುಂದೆ ಎಂಟು ಜನ. ಆಗ ಬಾಯಿ ಬಿಟ್ಟುಕೊಂಡು ನೋಡಿದ್ದೆ. ಈ ಸಲ ಅರ್ಧ ಮುಗಿಯುವಷ್ಟರಲ್ಲಿ ಯಾಕೋ ಬೇಸರ ಶುರುವಾಯಿತು.

ನೋಡದವರಿಗೆ ಎರಡು ಮಾತಲ್ಲಿ ಕಥೆ. ಚೀನಾ ಇನ್ನೂ ಒಂದಾಗಿಲ್ಲದ ಕಾಲ. ಚಿನ್ ರಾಜ್ಯದ ರಾಜನನ್ನು ಕೊಲ್ಲಲು ಮೂವರು ಕತ್ತಿವೀರರು ಹೊಂಚು ಹಾಕಿದ್ದಾರೆ. ಹೆಸರೇ ಇಲ್ಲದ ಒಬ್ಬ ಚಿಕ್ಕ ಅಧಿಕಾರಿ (ಜೆಟ್ ಲೀ) ಅರಮನೆಗೆ ಬಂದು, ಮೂವರನ್ನೂ ನಾನೇ ಮುಗಿಸಿದೆ ಅನ್ನುತ್ತಾನೆ. ಅದಕ್ಕೆ ಬಹುಮಾನವಾಗಿ ರಾಜನ ಹತ್ತಿರ ಹತ್ತಿರ ಕೂರುವ ಅವಕಾಶ, ಕೊನೆಗೆ ಹತ್ತೇ ಹೆಜ್ಜೆ ದೂರ. ರಾಜ ಪೂರ್ತಿ ಕೇಳಿ, ನೀನು ಹೇಳಿದ್ದು ಸುಳ್ಳು ಅನ್ನುತ್ತಾನೆ. ಒಂದೇ ಕಥೆ ಮತ್ತೆ ಮತ್ತೆ, ಬೇರೆ ಬೇರೆ ಬಣ್ಣದಲ್ಲಿ.

ನನ್ನ ತಕರಾರು ಆ ಬಣ್ಣದ ಮೇಲೇ. ಕೆಂಪು ರೇಷ್ಮೆ ಹಾರುತ್ತೆ, ನೀಲಿ ರೇಷ್ಮೆ ಹಾರುತ್ತೆ, ಹಳದಿ ಎಲೆ ಸುರಿಯುತ್ತೆ. ಎಲ್ಲಾ ಚೆಂದ. ಆದರೆ ಒಬ್ಬರೂ ಮನುಷ್ಯರ ಥರ ಕಾಣಲ್ಲ, ಸೀರೆ ಅಂಗಡಿಯ ಗೊಂಬೆಗಳ ಥರ ಕಾಣುತ್ತಾರೆ. ಮಗಳು ನಡುವೆ ಕೇಳಿದಳು, "ಅಪ್ಪಾ, ಇವಳು ಈಗ ಯಾಕೆ ಅಳ್ತಿದ್ದಾಳೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವರ್ಷ ಮೊದಲು ಬಂದ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' ನೋಡುವಾಗ ಇಂಥ ಪ್ರಶ್ನೆ ಹುಟ್ಟಿರಲಿಲ್ಲ. ಆಮೇಲೆ ಬಂದ ಕತ್ತಿವರಸೆ ಚಿತ್ರಗಳಂತೂ ಥಳುಕಿನ ಪೈಪೋಟಿ. 2006ರ 'ಕರ್ಸ್ ಆಫ್ ದಿ ಗೋಲ್ಡನ್ ಫ್ಲವರ್' ನೋಡಿ ಕಣ್ಣಿಗೆ ಚಿನ್ನದ ಮುಲಾಮು ಹಚ್ಚಿದಂತಾಗಿತ್ತು. ನನಗೊಬ್ಬನಿಗೇ ಹೀಗಾ?

ಬಣ್ಣದ ಬುಗುರಿ

ನಾನು ಬಟ್ಟೆಗೆ ಬಣ್ಣ ಹಾಕುವ ಕೆಲಸದಲ್ಲಿರುವವಳು. ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡ್ತೀನಿ.

ಕೆಂಪು ಭಾಗದಲ್ಲಿ ಅವರು ಗೊಂಬೆಗಳ ಥರ ಕಾಣ್ತಾರೆ ಅಂದಿರಲ್ಲ, ನಿಜ. ಕಾಣಲೇಬೇಕು. ಯಾಕೆಂದರೆ ಅದು ಜೆಟ್ ಲೀ ರಾಜನಿಗೆ ಕಟ್ಟಿ ಹೇಳಿದ ಸುಳ್ಳು. ಹೊಟ್ಟೆಕಿಚ್ಚು, ಅನೈತಿಕ ಸಂಬಂಧ, ಸೇಡು, ಹೀಗೆ ಅಗ್ಗದ ಕಾದಂಬರಿಯ ಸಾಮಾನೆಲ್ಲ ಅದರಲ್ಲಿದೆ. ರಾಜ ನಂಬದೇ ಇದ್ದದ್ದೂ ಅದಕ್ಕೇ. ಅಂಥ ದೊಡ್ಡ ಮನಸ್ಸಿನವರು ಇಷ್ಟು ಸಣ್ಣದಾಗಿ ನಡೆದುಕೊಳ್ಳೋದು ಸಾಧ್ಯವಿಲ್ಲ ಅಂತ ಅವನ ವಾದ. ಆಮೇಲೆ ತಾನೇ ಊಹಿಸಿ ಒಂದು ಕಥೆ ಹೇಳುತ್ತಾನೆ, ಅದು ನೀಲಿ. ಅದರಲ್ಲಿ ಎಲ್ಲರೂ ತ್ಯಾಗಿಗಳು. ನಿಜವಾಗಿ ನಡೆದದ್ದು ಬಿಳಿ. ಆ ಬಿಳಿಯ ಒಳಗೆ, ಮೂವರು ಕತ್ತಿವೀರರಲ್ಲಿ ಒಬ್ಬನಾದ ಟೋನಿ ಲ್ಯುಂಗ್ ನೆನಪು ಮಾಡಿಕೊಳ್ಳುವ ಹಳೆಯ ಕಥೆ ಹಸಿರು. ಅರಮನೆಯ ಈಗಿನ ಮಾತುಕತೆ ಪೂರ್ತಿ ಕಪ್ಪು, ಬೂದು.

ಅಂದರೆ ಬಣ್ಣ ತೆಗೆದರೆ ಕಥೆಯೇ ಅರ್ಥ ಆಗಲ್ಲ. ಯಾರು ಹೇಳುತ್ತಿದ್ದಾರೆ, ಎಷ್ಟು ನಂಬಬೇಕು ಅಂತ ಹೇಳೋದೇ ಬಣ್ಣ. ವಸ್ತ್ರ ಮಾಡಿದ್ದು ಎಮಿ ವಾಡಾ, ನಿರ್ದೇಶಕ ಕುರೊಸಾವಾನ 'ರಾನ್' ಚಿತ್ರದ ಬಟ್ಟೆಗೆ ಆಸ್ಕರ್ ಪಡೆದ ಜಪಾನಿ ಹೆಂಗಸು. ಕ್ಯಾಮೆರಾ ಕ್ರಿಸ್ಟೋಫರ್ ಡಾಯ್ಲ್. ಇವರು ಸುಮ್ನೆ ಬಕೆಟ್ ಬಕೆಟ್ ಬಣ್ಣ ಸುರಿದವರಲ್ಲ.

ಹಳೇ ಟಾಕೀಸು

ಬುಗುರಿ ಅವರೇ, ಲೆಕ್ಕ ಒಪ್ಪಿದೆ. ಆದರೆ ಲೆಕ್ಕ ಬೇರೆ, ಎದೆ ಮುಟ್ಟೋದು ಬೇರೆ ಅಲ್ವಾ? ಟ್ರಾಫಿಕ್ ಸಿಗ್ನಲ್ಲಿಗೂ ಮೂರು ಬಣ್ಣ, ಮೂರು ಅರ್ಥ ಇದೆ. ಅದನ್ನು ನೋಡಿ ಯಾರೂ ಅಳಲ್ಲ.

ಬೊಂಡಾ ಸೂಪ್

ಸಿಲ್ಕ್ ಬೋರ್ಡಿಗೆ ಬನ್ನಿ ಸಾರ್, ಅಳ್ತಾರೆ.

ಕಾಲುದಾರಿ

ನಾನು ಹದಿನೈದು ವರ್ಷ ಕರಾಟೆ ಕಲಿಸಿದವನು. ನನ್ನ ದೂರು ಬಣ್ಣದ ಮೇಲಲ್ಲ, ನಟರನ್ನು ಕಟ್ಟಿ ಹಾರಿಸುವ ವೈರಿನ ಮೇಲೆ. ಮ್ಯಾಗಿ ಚ್ಯುಂಗ್, ಟೋನಿ ಲ್ಯುಂಗ್ ಒಳ್ಳೆಯ ನಟರು, ಆದರೆ ಕಲಿತ ಹೊಡೆದಾಟದವರಲ್ಲ. ಜಾಂಗ್ ಜೀಯಿ ಕಲಿತದ್ದು ನೃತ್ಯ. ಅದನ್ನು ಮುಚ್ಚೋಕೆ ತೋಳು ಹಾರಿಸಬೇಕು, ಕೂದಲು ಹಾರಿಸಬೇಕು, ಎಲೆ ಹಾರಿಸಬೇಕು. ಪೆಟ್ಟು ಎಲ್ಲಿ ಬಿತ್ತು, ಕಾಲು ಎಲ್ಲಿ ಊರಿತು ಅಂತ ಕಾಣೋದೇ ಇಲ್ಲ.

ಅದೇ 1978ರ 'ದಿ 36ತ್ ಚೇಂಬರ್ ಆಫ್ ಶಾವೊಲಿನ್' ನೋಡಿ. ನಿರ್ದೇಶಕ ಲಾವ್ ಕಾರ್-ಲ್ಯುಂಗ್. ಅವನ ಅಪ್ಪನ ಗುರು ಲಾಮ್ ಸಾಯ್-ವಿಂಗ್, ಆ ಗುರುವಿನ ಗುರು ಹೆಸರಾಂತ ಕುಂಗ್ ಫೂ ವೀರ ವಾಂಗ್ ಫೇ-ಹುಂಗ್. ವಿದ್ಯೆ ಮನೆಯಲ್ಲೇ ಇತ್ತು. ಚಿತ್ರದ ದೊಡ್ಡ ಭಾಗ ಬರೀ ಕಲಿಕೆ. ತೋಳಿಗೆ ಕತ್ತಿ ಕಟ್ಟಿಸಿಕೊಂಡು ಎರಡು ಕೈಯಲ್ಲೂ ನೀರಿನ ಬಕೆಟ್ ಹೊತ್ತು ಏರುವ ದೃಶ್ಯ ಇದೆ. ಕೈ ಇಳಿಸಿದರೆ ಕತ್ತಿ ಪಕ್ಕೆಗೆ ಚುಚ್ಚುತ್ತೆ. ಕೈ ಯಾಕೆ ಇಳಿಸಬಾರದು ಅಂತ ನಾನು ಹುಡುಗರಿಗೆ ವರ್ಷಗಟ್ಟಲೆ ಬೊಬ್ಬೆ ಹೊಡೆದಿದ್ದೇನೆ. ಆ ಚಿತ್ರ ಎರಡು ನಿಮಿಷದಲ್ಲಿ ಹೇಳಿ ಮುಗಿಸಿತು. ನನ್ನ ಮಟ್ಟಿಗೆ ತಿರುಳು ಅಂದರೆ ಬೆವರು.

'ಹೀರೋ' ಚಿತ್ರದಲ್ಲಿ ಒಂದೇ ಒಂದು ಜಗಳ ಮೆಚ್ಚಿದೆ. ಮಳೆಯಲ್ಲಿ, ಚದುರಂಗದ ಮನೆಯ ಅಂಗಳದಲ್ಲಿ ಜೆಟ್ ಲೀ ಮತ್ತು ಆ ಮೂವರಲ್ಲಿ ಒಬ್ಬನಾದ ಡಾನಿ ಯೆನ್ ಎದುರಾಗೋದು. ಇಬ್ಬರೂ ಚಿಕ್ಕಂದಿನಿಂದ ಕಲಿತವರು. 1992ರಲ್ಲಿ 'ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ' ಎರಡನೇ ಭಾಗದಲ್ಲೂ ಇದೇ ಜೋಡಿ ಹೊಡೆದಾಡಿತ್ತು. ಕತ್ತಿಗೆ ಈಟಿ ತಾಗಿದ್ದು ಕಿವಿಗೆ ಅಲ್ಲ, ಮೂಳೆಗೆ ಕೇಳುತ್ತೆ. ಅದೊಂದೇ ನಿಜವಾದ ಹೊಡೆದಾಟ.

ಎಡಿಟಿಂಗ್ ಟೇಬಲ್

ಕಾಲುದಾರಿ ಸಾರ್, ಬೇಜಾರು ಮಾಡ್ಕೋಬೇಡಿ. ನೀವು ನಿಜ ಅಂದ ಆ ಜಗಳದ ಮುಖ್ಯ ಭಾಗ ನಡೆದೇ ಇಲ್ಲ!

ಇಬ್ಬರೂ ಸ್ವಲ್ಪ ಕಾದಾಡಿ ನಿಲ್ಲುತ್ತಾರೆ. ಅಲ್ಲಿದ್ದ ಕುರುಡ ಮುದುಕನಿಗೆ ತಂತಿವಾದ್ಯ ನುಡಿಸು ಅಂತ ಕೇಳಿ, ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಅಲ್ಲಿಂದ ಮುಂದೆ ಕಪ್ಪು-ಬಿಳುಪಿನಲ್ಲಿ ಕಾಣೋದು ಅವರ ತಲೆಯೊಳಗಿನ ಕಾಳಗ. ತಂತಿ ಕಡಿದಾಗ ಕಣ್ಣು ಬಿಡುತ್ತಾರೆ, ಒಂದೇ ಹೊಡೆತಕ್ಕೆ ಮುಗಿಯುತ್ತೆ. ಅದೂ ಕೂಡ ಇಬ್ಬರೂ ಮೊದಲೇ ಮಾತಾಡಿಕೊಂಡು ಆಡಿದ ನಾಟಕ ಅಂತ ಆಮೇಲೆ ತಿಳಿಯುತ್ತೆ. ಇಡೀ ಚಿತ್ರದಲ್ಲಿ ಅತಿ ಹೆಚ್ಚು 'ಶೈಲಿ' ಇರುವ ದೃಶ್ಯವನ್ನೇ ನೀವು ತಿರುಳು ಅಂತ ಮೆಚ್ಚಿದ್ದೀರಿ.

ಕಾಲುದಾರಿ

ಹ್ಹ. ಸಿಕ್ಕಿಬಿದ್ದೆ. ಆದರೂ ಕನಸಲ್ಲಿ ಹೊಡೆದಾಡೋದಕ್ಕೂ ಕಲಿತಿರಬೇಕು ಗುರು. ಅವರಿಬ್ಬರ ಜಾಗದಲ್ಲಿ ಬೇರೆ ಯಾರನ್ನೋ ಹಾಕಿದ್ದರೆ ಆ ಕನಸು ಬೀಳುತ್ತಿರಲಿಲ್ಲ.

ಬಣ್ಣದ ಬುಗುರಿ

ಎದೆ ಮುಟ್ಟಲ್ಲ ಅಂದಿದ್ದಕ್ಕೆ ಒಂದು ಉದಾಹರಣೆ. ನೀಲಿ ಭಾಗದ ಸರೋವರದ ಕಾಳಗ, ಚಿತ್ರೀಕರಣ ಆಗಿದ್ದು ಸಿಚುವಾನ್ ಪ್ರಾಂತ್ಯದ ಜಿಯುಝೈಗೌನಲ್ಲಿ. ನೀರು ಕನ್ನಡಿ. ಅದರ ಮೇಲೆ ಜೆಟ್ ಲೀ, ಟೋನಿ ಲ್ಯುಂಗ್ ಹಕ್ಕಿಗಳ ಥರ ತೇಲುತ್ತಾರೆ. ಎಲ್ಲರಿಗೂ ನೆನಪಿರೋದು ಇಷ್ಟೇ. ಆದರೆ ದಡದ ಮಂಟಪದಲ್ಲಿ ಟೋನಿಯ ಪ್ರೇಯಸಿ ಮ್ಯಾಗಿ ಚ್ಯುಂಗ್ ಹೆಣ ಮಲಗಿಸಿದ್ದಾರೆ. ಕಾದಾಟದ ನಡುವೆ ಒಂದು ನೀರಿನ ಹನಿ ಸಿಡಿದು ಅವಳ ಮುಖದ ಮೇಲೆ ಬೀಳುತ್ತೆ. ಟೋನಿ ಲ್ಯುಂಗ್ ಕಾಳಗ ಬಿಟ್ಟು ಅದನ್ನು ಒರೆಸೋಕೆ ಹೋಗುತ್ತಾನೆ. ಬೆನ್ನು ತೋರಿಸಿ. ಸತ್ತವಳ ಕೆನ್ನೆ ಒದ್ದೆಯಾಯಿತು ಅಂತ.

ಈ ಒಂದು ಹನಿಗೆ ಎಷ್ಟು ಪುಟ ಸಂಭಾಷಣೆ ಬೇಕಿತ್ತು ಹೇಳಿ.

ಕಡಲ ತಡಿ

ನಾನು ಕುಂದಾಪುರದ ಕಡೆಯವ, ಆಟ ನೋಡಿಯೇ ಬೆಳೆದದ್ದು. ಹಾಗಾಗಿ ನಿಮ್ಮ ಈ ಜಗಳವೇ ನನಗೆ ಸ್ವಲ್ಪ ವಿಚಿತ್ರ ಕಾಣುತ್ತದೆ ಮಾರಾಯ್ರೆ. ಯಕ್ಷಗಾನದಲ್ಲಿ ಅಭಿಮನ್ಯು ಧೀಂಗಿಣ ಹಾಕುವಾಗ, ಯುದ್ಧದಲ್ಲಿ ಯಾರು ಹೀಗೆ ಗಿರಗಿರ ತಿರುಗುತ್ತಾರೆ ಅಂತ ಯಾರಾದರೂ ಕೇಳಿದ್ದುಂಟಾ? ತಿರುಗುವುದೇ ಅವನ ಆವೇಶ. ಆವೇಶ ಬೇರೆ, ಧೀಂಗಿಣ ಬೇರೆ ಅಂತ ಬಿಡಿಸಿ ಇಡಲಿಕ್ಕೆ ಆಗುವುದಿಲ್ಲ.

ಚೀನಾದ ಈ ಚಿತ್ರಗಳ ಬೇರು ಕೂಡ ಅಂಥ ಕಡೆಯೇ ಇದೆ. ಪೀಕಿಂಗ್ ಒಪೆರಾದಲ್ಲಿ ಕೈಯಲ್ಲಿ ಒಂದು ಚಾಟಿ ಹಿಡಿದರೆ ಕುದುರೆ ಮೇಲಿದ್ದಾನೆ ಅಂತ ಲೆಕ್ಕ. ಬೆನ್ನಿಗೆ ಬಾವುಟ ಕಟ್ಟಿದವನು ಸೇನಾಪತಿ. ಕೆಂಪು ಮುಖ ಅಂದರೆ ನಿಷ್ಠೆ, ಬಿಳಿ ಮುಖ ಅಂದರೆ ಕುಟಿಲ. ನಮ್ಮಲ್ಲಿ ಬಣ್ಣದ ವೇಷ ನೋಡಿದ ಕೂಡಲೇ ರಕ್ಕಸ ಅಂತ ಗೊತ್ತಾಗುವ ಹಾಗೆ. ಜಾಕಿ ಚಾನ್, ಸಾಮೊ ಹುಂಗ್ ಇವರೆಲ್ಲ ಹಾಂಗ್‌ಕಾಂಗ್‌ನ ಒಂದೇ ಒಪೆರಾ ಶಾಲೆಯಲ್ಲಿ ಪೆಟ್ಟು ತಿಂದು ಕಲಿತವರು. ಗಾಳಿಯಲ್ಲಿ ಹಾರುವುದೂ ಹಾಗೆಯೇ. ಅವರ ಕತ್ತಿವರಸೆಯ ಕಾದಂಬರಿಗಳಲ್ಲಿ ಮೈ ಹಗುರ ಮಾಡುವ ವಿದ್ಯೆ ಅಂತಲೇ ಇದೆ. ಓದಿ ಬೆಳೆದವರಿಗೆ ಅದು ಹನುಮಂತನ ಲಂಘನದಷ್ಟೇ ಸಹಜ. ವೈರ್ ಕಾಣುವುದು ನಮಗೆ.

ಹಳೇ ಟಾಕೀಸು

ಇದು ಒಳ್ಳೆ ಮಾತು. ಆದರೆ ಆಟದಲ್ಲಿ ಅರ್ಥಧಾರಿ ಇರುತ್ತಾನಲ್ಲ. ಕುಣಿದು ಮುಗಿದ ಮೇಲೆ ಮಾತಾಡುತ್ತಾನೆ, ವಾದ ಮಾಡುತ್ತಾನೆ, ಅಳಿಸುತ್ತಾನೆ. 'ಹೀರೋ' ಚಿತ್ರದವರು ಕುಣಿದು ಸುಮ್ಮನಾಗುತ್ತಾರೆ. ನನ್ನ ದೂರು ಅಷ್ಟೇ.

ಎಡಿಟಿಂಗ್ ಟೇಬಲ್

ಶೈಲಿ ಯಾವಾಗ ಮಾತಾಡುತ್ತೆ, ಯಾವಾಗ ಬರೀ ಕುಣಿಯುತ್ತೆ ಅಂತ ನೋಡಬೇಕಾದರೆ ಬಿದಿರಿನ ಕಾಡಿಗೆ ಬನ್ನಿ. ಒಂದೇ ಜಾಗ, ಮೂರು ಚಿತ್ರ.

ಮೊದಲನೆಯದು ಕಿಂಗ್ ಹೂ ಮಾಡಿದ 'ಎ ಟಚ್ ಆಫ್ ಝೆನ್', 1971. ಇದು ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ 1975ರಲ್ಲಿ ತಾಂತ್ರಿಕ ವಿಭಾಗದ ದೊಡ್ಡ ಪ್ರಶಸ್ತಿ ಪಡೆಯಿತು. ವೈರಿನ ಮೇಲೆ ತೇಲಾಡೋದು ಇಲ್ಲ, ಟ್ರ್ಯಾಂಪೊಲಿನ್ ಮೇಲಿಂದ ಹಾರಿಸೋದು, ಉಳಿದದ್ದು ಕತ್ತರಿಯ ಕೆಲಸ. ನಾಯಕಿ ಬಿದಿರಿನ ಮೇಲಿಂದ ಕತ್ತಿ ಮುಂದೆ ಚಾಚಿ ನೆಟ್ಟಗೆ ಕೆಳಗೆ ಧುಮುಕುತ್ತಾಳೆ. ಕಿಂಗ್ ಹೂ ಜಿಗಿತವನ್ನು ಪೂರ್ತಿ ತೋರಿಸಲ್ಲ. ಏಳೋದು ಒಂದು ಚೂರು, ನಡುವೆ ಒಂದು ಚೂರು, ಇಳಿಯೋದು ಒಂದು ಚೂರು. ಕಣ್ಣು ಹಿಡಿಯುವಷ್ಟರಲ್ಲಿ ಮುಗಿದಿರುತ್ತೆ. ನನ್ನ ಕೆಲಸವೇ ಎಡಿಟಿಂಗ್, ಈ ದೃಶ್ಯವನ್ನು ಫ್ರೇಮ್ ಫ್ರೇಮ್ ಎಣಿಸಿಕೊಂಡು ನೋಡಿದ್ದೇನೆ. ಅವರ ವೇಗ ನಮ್ಮ ಕಣ್ಣಿಗಿಂತ ಜಾಸ್ತಿ ಅನ್ನೋ ಭಾವನೆ ಹುಟ್ಟೋದು ನಾವು ಏನನ್ನೋ ತಪ್ಪಿಸಿಕೊಂಡೆವು ಅನ್ನೋದರಿಂದ.

ಎರಡನೆಯದು ಆಂಗ್ ಲೀಯ 'ಕ್ರೌಚಿಂಗ್ ಟೈಗರ್'. ಅವನು ಕಿಂಗ್ ಹೂಗೆ ನಮಸ್ಕಾರ ಹಾಕುತ್ತಲೇ ಉಲ್ಟಾ ಮಾಡಿದ. ಎಲ್ಲಾ ನಿಧಾನ, ಎಲ್ಲಾ ಕಾಣುತ್ತೆ. ಆದರೆ ಗಮನಿಸಿ, ಚೌ ಯುನ್-ಫಾಟ್ ಬಿದಿರಿನ ತುದಿಯಲ್ಲಿ ಸುಮ್ನೆ ನಿಲ್ಲುತ್ತಾನೆ. ಕೊಂಬೆ ಬಾಗಿದರೆ ಅವನೂ ಬಾಗುತ್ತಾನೆ. ಜಾಂಗ್ ಜೀಯಿ ಕೊಂಬೆಯ ಜೊತೆಗೇ ಜಗಳ ಆಡುತ್ತಾಳೆ, ಜಾರುತ್ತಾಳೆ, ಮತ್ತೆ ಹತ್ತುತ್ತಾಳೆ. ಒಬ್ಬ ಬಿಡೋದನ್ನು ಕಲಿತವನು, ಇನ್ನೊಬ್ಬಳು ಯಾವುದನ್ನೂ ಬಿಡದವಳು. ಇಬ್ಬರ ಸ್ವಭಾವ ಅಷ್ಟೂ ಒಂದು ಬಿದಿರಿನ ತುದಿಯಲ್ಲಿದೆ. ಆ ಚಿತ್ರಕ್ಕೆ ಬಂದ ನಾಲ್ಕು ಆಸ್ಕರ್‌ಗಳಲ್ಲಿ ಒಂದು ಛಾಯಾಗ್ರಹಣಕ್ಕೆ, ಪೀಟರ್ ಪಾವ್‌ಗೆ. ನ್ಯಾಯವಾಗಿ ಸಾಹಸ ನಿರ್ದೇಶಕ ಯುವೆನ್ ವೂ-ಪಿಂಗ್‌ಗೂ ಒಂದು ಕೊಡಬೇಕಿತ್ತು.

ಮೂರನೆಯದು 2004ರ 'ಹೌಸ್ ಆಫ್ ಫ್ಲೈಯಿಂಗ್ ಡ್ಯಾಗರ್ಸ್', ಜಾಂಗ್ ಯಿಮೌನದೇ. ಸೈನಿಕರು ಬಿದಿರಿನ ಮೇಲಿಂದ ಮೇಲಕ್ಕೆ ಹಾರುತ್ತಾ ಚೂಪು ಮಾಡಿದ ಬಿದಿರನ್ನು ಕೆಳಗೆ ಎಸೆಯುತ್ತಾರೆ. ಕಾಡೇ ಪಂಜರ ಆಗಿಬಿಡುತ್ತೆ. ನೋಡೋಕೆ ಮೂರರಲ್ಲೂ ಇದೇ ಜೋರು. ಆದರೆ ಅದು ಮುಗಿದಾಗ ಆ ಹುಡುಗ ಹುಡುಗಿ ಬಗ್ಗೆ ನನಗೆ ಹೊಸದಾಗಿ ಏನೂ ತಿಳಿದಿರಲಿಲ್ಲ. ಟಾಕೀಸು ಅವರೇ, ನಿಮ್ಮ ದೂರು ಈ ಚಿತ್ರಕ್ಕೆ ಪೂರ್ತಿ ಒಪ್ಪುತ್ತೆ. 'ಹೀರೋ' ಚಿತ್ರಕ್ಕೆ ಅಲ್ಲ.

ಹಳೇ ಟಾಕೀಸು

'ಡ್ಯಾಗರ್ಸ್' ಕೊನೆಯ ಕಾಳಗ ನೆನಪಿದೆಯಾ? ಇಬ್ಬರು ಹೊಡೆದಾಡಲು ಶುರು ಮಾಡಿದಾಗ ಎಲೆ ಉದುರುವ ಕಾಲ, ಮುಗಿಸುವಾಗ ಮೊಣಕಾಲಿನವರೆಗೆ ಹಿಮ. ಎಂಥ ಕಾವ್ಯ ಅಂತ ಆಗ ಹೊಗಳಿದ್ದೇ ಹೊಗಳಿದ್ದು. ಉಕ್ರೇನಿನಲ್ಲಿ ಶೂಟಿಂಗ್ ಮಾಡುವಾಗ ಅಂದುಕೊಂಡದ್ದಕ್ಕಿಂತ ಮೊದಲೇ ಹಿಮ ಬಿತ್ತು, ಅದಕ್ಕೇ ಹಾಗೆ ಅಂತ ಆಮೇಲೆ ಓದಿದೆ.

ಬೊಂಡಾ ಸೂಪ್

ಆ ಹಿಮದಲ್ಲಿ ನಾಯಕಿ ಸತ್ತಳು ಅಂತ ನಾನು ಕಣ್ಣೊರೆಸಿಕೊಂಡೆ. ಎದ್ದಳು. ಮತ್ತೆ ಸತ್ತಳು. ಅಷ್ಟರಲ್ಲಿ ಕರ್ಚೀಪು ಒಣಗಿತ್ತು.

ಸುಮ್ನೆ ಓದುಗ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. 'ಹೀರೋ' ಚಿತ್ರದಲ್ಲಿ ತಿರುಳಿಲ್ಲ ಅಂತ ಒಬ್ಬರು, ಇದೆ ಅಂತ ಇನ್ನೊಬ್ಬರು. ನನ್ನ ಕಷ್ಟವೇ ಬೇರೆ. ತಿರುಳು ಇದೆ. ಅದು ಹುಳುಕು. ಆ ಹುಳುಕಿನ ಮೇಲೆ ಕಣ್ಣು ಬೀಳದಿರಲಿ ಅಂತ ಇಷ್ಟು ರೇಷ್ಮೆ ಹೊದಿಸಿದ್ದಾರೆ.

ಆ ರಾಜ ಯಾರು? ಕ್ರಿ.ಪೂ. 221ರಲ್ಲಿ ಆರು ರಾಜ್ಯಗಳನ್ನು ನುಂಗಿ ಚೀನಾದ ಮೊದಲ ಚಕ್ರವರ್ತಿ ಆದವನು. ತೂಕ, ಅಳತೆ, ಗಾಡಿಯ ಅಚ್ಚಿನ ಅಗಲ, ಲಿಪಿ, ಎಲ್ಲಾ ಒಂದೇ ಇರಬೇಕು ಅಂದವನು. ಪುಸ್ತಕ ಸುಡಿಸಿದವನು ಅಂತಲೂ ಇತಿಹಾಸ ಅವನನ್ನು ನೆನೆಯುತ್ತೆ. ಕ್ರಿ.ಪೂ. 227ರಲ್ಲಿ ಜಿಂಗ್ ಕೆ ಅನ್ನುವವನು ಸುರುಳಿ ಸುತ್ತಿದ ನಕ್ಷೆಯೊಳಗೆ ಚೂರಿ ಇಟ್ಟುಕೊಂಡು ಅವನನ್ನು ಕೊಲ್ಲೋಕೆ ಹೋಗಿದ್ದ. ಕೊಲ್ಲಲಾಗದೆ ಸತ್ತ. ಚೀನೀಯರು ಇವತ್ತಿಗೂ ಹಾಡಿ ಹೊಗಳೋದು ಆ ಸೋತವನನ್ನು.

'ಹೀರೋ' ಆ ಕಥೆಯನ್ನೇ ತಿರುಗಿಸಿತು. ಇಲ್ಲಿ ಕೊಲೆಗಾರ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಕೊಲ್ಲಬಲ್ಲವನಾಗಿಯೂ, ಕೊಲ್ಲದೇ ಬಿಡುತ್ತಾನೆ. ಯಾಕೆ? ಟೋನಿ ಲ್ಯುಂಗ್ ಮರಳಿನ ಮೇಲೆ ಎರಡು ಅಕ್ಷರ ಬರೆದು ತೋರಿಸಿದ್ದಾನೆ: ತಿಯಾನ್‌ಶಿಯಾ. ಆಕಾಶದ ಕೆಳಗಿರೋದೆಲ್ಲ, ಅಂದರೆ ಇಡೀ ಲೋಕ. ಅಮೆರಿಕದಲ್ಲಿ ಬಿಡುಗಡೆಯಾದಾಗ ಸಬ್‌ಟೈಟಲ್ಲಿನಲ್ಲಿ ಅದನ್ನು 'ನಮ್ಮ ನಾಡು' ಅಂತ ಸಣ್ಣದು ಮಾಡಿದರು. ನಾಡು ಒಂದಾಗಬೇಕಾದರೆ ಈ ಕ್ರೂರಿ ಬದುಕಿರಬೇಕು, ನಿನ್ನ ನೋವು ನುಂಗಿಕೋ ಅಂತ ತಾತ್ಪರ್ಯ. ನೋವು ತಿಂದವರೇ ಬಂದು ಇದನ್ನು ಹೇಳುತ್ತಾರೆ, ಅದೂ ಇಷ್ಟು ಚೆಂದದ ಮರುಭೂಮಿಯಲ್ಲಿ ನಿಂತು.

ಇನ್ನೊಂದು ಮಾತು. ರಾಜನ ಎದುರು 'ಕತ್ತಿ' ಅನ್ನುವ ಅಕ್ಷರದ ದೊಡ್ಡ ಬರಹ ತೂಗುತ್ತೆ. ಆ ಪದ ಬರೆಯೋಕೆ ಹತ್ತೊಂಬತ್ತು ರೀತಿ ಇದೆ, ಇದು ಇಪ್ಪತ್ತನೆಯದು. ರಾಜ ಏನು ಹೇಳುತ್ತಾನೆ ಗೊತ್ತಾ? ಒಂದು ಪದಕ್ಕೆ ಇಷ್ಟು ರೂಪ ಯಾಕೆ, ನಾನು ಗೆದ್ದ ಮೇಲೆ ಒಂದೇ ಉಳಿಸುತ್ತೇನೆ ಅಂತ. ಚಿತ್ರ ಇದನ್ನು ದೂರದೃಷ್ಟಿ ಅನ್ನುವ ಹಾಗೆ ತೋರಿಸುತ್ತೆ. ಕನ್ನಡ ಓದುವ ನನಗೆ ಆ ಮಾತು ಕೇಳಿದಾಗ ಬೆನ್ನು ನೆಟ್ಟಗಾಯಿತು. ನಿಮಗೆ?

ಇದೇ ರಾಜನ ಮೇಲೆ ಚೆನ್ ಕೈಗೆ 1998ರಲ್ಲಿ 'ದಿ ಎಂಪರರ್ ಅಂಡ್ ದಿ ಅಸ್ಯಾಸಿನ್' ಮಾಡಿದ. ಅಲ್ಲೂ ದೊಡ್ಡ ಸೆಟ್ಟು, ದೊಡ್ಡ ಸೈನ್ಯ. ಆದರೆ ಒಂದು ಮಾಡುತ್ತೇನೆ ಅನ್ನುತ್ತಲೇ ಅವನು ಹೇಗೆ ಹುಚ್ಚನಾಗುತ್ತಾ ಹೋದ ಅಂತ ಅದು ತೋರಿಸುತ್ತೆ.

ಕಡಲ ತಡಿ

ಅಕ್ಷರದ ವಿಷಯ ನಾನು ಗಮನಿಸಿಯೇ ಇರಲಿಲ್ಲ. ಬರಹ ಚೆಂದ ಉಂಟು ಅಂತ ನೋಡಿ ದಾಟಿಬಿಟ್ಟಿದ್ದೆ. ಅದೇ ಅಪಾಯ ಅಲ್ಲವಾ.

ಬಣ್ಣದ ಬುಗುರಿ

ಓದುಗ ಅವರೇ, ಕಥೆ ರಾಜನ ಕಡೆ ವಾಲುತ್ತೆ. ಒಪ್ಪಿದೆ, ನನಗೂ ಅದು ಚುಚ್ಚುತ್ತೆ. ಆದರೆ ಕಣ್ಣಿಗೆ ಕಾಣೋದು ಏನು ಅಂತ ಒಮ್ಮೆ ನೋಡಿ. ರಾಜನ ಸಭಾಂಗಣ ಖಾಲಿ. ಅಷ್ಟು ದೊಡ್ಡ ಕತ್ತಲಲ್ಲಿ ಅವನೊಬ್ಬನೇ, ಚಿಕ್ಕದಾಗಿ. ಹೊರಗೆ ಸಾವಿರಾರು ಕಪ್ಪು ವಸ್ತ್ರದ ಮಂತ್ರಿಗಳು, ಸೈನಿಕರು ಒಂದೇ ದನಿಯಲ್ಲಿ ಆ ಹೆಸರಿಲ್ಲದವನಿಗೆ ಮರಣದಂಡನೆ ಕೊಡಿ ಅಂತ ಕೂಗುತ್ತಾರೆ. ರಾಜ ಬೇಡ ಅನ್ನಬಲ್ಲನೇ ಅಂತಲೇ ಅನುಮಾನ. ಬಣ್ಣ ಇರೋದು ಬರೀ ಸತ್ತವರ ಹತ್ತಿರ. ಗೆದ್ದವರ ಹತ್ತಿರ ಒಂದೂ ಬಣ್ಣ ಇಲ್ಲ. ಅವನು ಕಟ್ಟೋಕೆ ಹೊರಟ ಲೋಕ ಹೇಗಿರುತ್ತೆ ಅಂತ ಬೂದು ಬಣ್ಣವೇ ಹೇಳುತ್ತಿಲ್ಲವಾ?

ಮತ್ತೆ ಆ ಬಾಗಿಲು. ಬಾಣದ ಮಳೆ ನಿಂತ ಮೇಲೆ ಕೋಟೆಯ ದೊಡ್ಡ ಬಾಗಿಲು ಪೂರ್ತಿ ಬಾಣ ನಾಟಿ ಮುಳ್ಳುಹಂದಿ ಆಗಿರುತ್ತೆ. ನಡುವೆ ಒಂದೇ ಒಂದು ಜಾಗ ಖಾಲಿ, ಮನುಷ್ಯನ ಆಕಾರದಲ್ಲಿ. ಅಲ್ಲಿ ಆ ಹೆಸರಿಲ್ಲದವನು ನಿಂತಿದ್ದ. ದೇಶ ಒಂದಾಯಿತು ಅಂತ ಎಷ್ಟು ಸಲ ಹೇಳಿದರೂ ಆ ಖಾಲಿ ಜಾಗ ತುಂಬಲ್ಲ. ಮಾತಲ್ಲಿ ಹೇಳಲಾಗದ್ದನ್ನು ಜಾಂಗ್ ಯಿಮೌ ಚಿತ್ರದಲ್ಲಿ ಇಟ್ಟ ಅಂತ ನನಗೆ ಅನ್ನಿಸುತ್ತೆ. 1994ರ 'ಟು ಲಿವ್' ಚಿತ್ರಕ್ಕೆ ಚೀನಾದಲ್ಲಿ ನಿಷೇಧ ತಿಂದವನು ಅವನು.

ಸುಮ್ನೆ ಓದುಗ

ಬಾಗಿಲಿನ ಮಾತು ಚೆನ್ನಾಗಿದೆ, ನಾನು ಹಾಗೆ ನೋಡಿರಲಿಲ್ಲ. ಆದರೆ ಅದಾದ ಮೇಲೂ ಪರದೆ ಮೇಲೆ ಅಕ್ಷರ ಬರುತ್ತೆ. ರಾಜ ದೇಶ ಒಂದುಗೂಡಿಸಿದ, ಜನರ ರಕ್ಷಣೆಗೆ ಮಹಾಗೋಡೆ ಕಟ್ಟಿದ ಅಂತ. ಆ ಸಾಲು ಬರೆದವರು ಬಾಗಿಲನ್ನು ನೋಡಿರಲಿಲ್ಲವೋ ಏನೋ. 'ಟು ಲಿವ್' ಮಾಡಿದವನು 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯನ್ನೂ ಮಾಡಿದ. 2008 ಜನ ಒಂದೇ ಏಟಿಗೆ ಡೋಲು ಬಾರಿಸಿದ್ದು ನೋಡಿ ಜಗತ್ತು ಬೆರಗಾಯಿತು. ನಾನೂ ಬೆರಗಾದೆ. ನನಗೆ ನೆನಪಾದದ್ದು ಮಾತ್ರ ಆ ಕಪ್ಪು ವಸ್ತ್ರದ ಮಂತ್ರಿಗಳು.

ಬಣ್ಣದ ಬುಗುರಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

'ಗೋಲ್ಡನ್ ಫ್ಲವರ್' ಬಗ್ಗೆ ಮಾತ್ರ ಒಂದು ಹೇಳಿಬಿಡ್ತೀನಿ, ಟಾಕೀಸು ಅವರು ಅದನ್ನು ಮುಲಾಮು ಅಂದರಲ್ಲ. ಅದರಲ್ಲಿ ರಾಣಿಯಾದ ಗಾಂಗ್ ಲೀಗೆ ದಿನಾ ಹೊತ್ತುಹೊತ್ತಿಗೆ ಚಿನ್ನದ ಬಟ್ಟಲಲ್ಲಿ ಔಷಧಿ ಅಂತ ವಿಷ ಕೊಡುತ್ತಾರೆ. ಕೊಡೋದು ಗಂಡನೇ. ಕೊನೆಯಲ್ಲಿ ಅರಮನೆ ಅಂಗಳದಲ್ಲಿ ದೊಡ್ಡ ಮಾರಣಹೋಮ ನಡೆಯುತ್ತೆ, ಹಳದಿ ಸೇವಂತಿಗೆ ಕುಂಡಗಳೆಲ್ಲ ರಕ್ತ. ಆಮೇಲೆ ಆಳುಗಳು ಬಂದು ಹೆಣ ಎಳೆದು, ನೆಲ ತೊಳೆದು, ಹೊಸ ಕುಂಡ ಜೋಡಿಸುತ್ತಾರೆ. ಹಬ್ಬ ಸಮಯಕ್ಕೆ ಸರಿಯಾಗಿ ಶುರು. ಥಳುಕು ಏನನ್ನು ಮುಚ್ಚುತ್ತೆ ಅನ್ನೋದೇ ಅಲ್ಲಿ ಕಥೆ. ನಿಮಗೆ ಉಸಿರು ಕಟ್ಟಿದ್ದರೆ ಚಿತ್ರ ಕೆಲಸ ಮಾಡಿದೆ ಅಂತ ಅರ್ಥ. ಮಕ್ಕಳ ಜಗಳದ ಭಾಗ ಸ್ವಲ್ಪ ಸೀರಿಯಲ್ ಥರ ಇದೆ, ಅದು ಬೇರೆ ಮಾತು.

ಎಡಿಟಿಂಗ್ ಟೇಬಲ್

ಹಾಗಾದರೆ 2018ರ 'ಶ್ಯಾಡೋ' ನೋಡಿ. ಅದೇ ಜಾಂಗ್ ಯಿಮೌ, ಈ ಸಲ ಬಣ್ಣವೇ ಬೇಡ ಅಂದ. ಮಸಿಯಲ್ಲಿ ಬರೆದ ಚೀನೀ ಚಿತ್ರದ ಥರ ಎಲ್ಲಾ ಕಪ್ಪು, ಬಿಳಿ, ಬೂದು. ಕಂಪ್ಯೂಟರಿನಲ್ಲಿ ಬಣ್ಣ ತೆಗೆದದ್ದಲ್ಲ, ಬಟ್ಟೆ, ಗೋಡೆ, ಪರದೆ ಎಲ್ಲವನ್ನೂ ಹಾಗೇ ಮಾಡಿಸಿದ್ದು. ಪೂರ್ತಿ ಮಳೆ. ಚರ್ಮದ ಬಣ್ಣ ಬಿಟ್ಟರೆ ರಕ್ತ ಒಂದೇ ಬೇರೆ ಕಾಣೋದು. ಸೇನಾಪತಿಗೆ ಒಬ್ಬ ತದ್ರೂಪಿ, ಇಬ್ಬರೂ ಒಬ್ಬನೇ ನಟ, ದೆಂಗ್ ಚಾವೊ. ಇಲ್ಲಿ ನಾಡಿಗಾಗಿ ತ್ಯಾಗ ಮಾಡುವವರು ಒಬ್ಬರೂ ಇಲ್ಲ. ಎಲ್ಲರೂ ಕುತಂತ್ರಿಗಳು. ರಾಜನೂ ಅಷ್ಟೇ. ಹದಿನಾರು ವರ್ಷದ ಮೇಲೆ 'ಹೀರೋ' ಚಿತ್ರಕ್ಕೆ ತಾನೇ ಕೊಟ್ಟ ಉತ್ತರ ಅಂತ ನಾನು ನೋಡುತ್ತೇನೆ.

ಕಾಲುದಾರಿ

ಅದರಲ್ಲಿ ಕತ್ತಿ ಅಲಗಿನ ಛತ್ರಿ ಒಳಗೆ ಕೂತು ಬೀದಿ ತುಂಬ ಗಿರಗಿರ ಜಾರಿಕೊಂಡು ಹೋಗುತ್ತಾರಲ್ಲ, ಅದನ್ನು ನೋಡಿ ನಮ್ಮ ಹುಡುಗರು ಒಂದು ವಾರ ಮಳೆಯಲ್ಲಿ ಛತ್ರಿ ಮುರಿದುಕೊಂಡು ಬಂದರು. ಆದರೆ ಛತ್ರಿಯ ಮೆದು ನಡೆ ಮಾತ್ರ ನಿಜವಾದ ವರಸೆ. ಎದುರಾಳಿಯ ಉದ್ದ ಹಿಡಿಯ ಕತ್ತಿಯ ಗಡಸು ಹೊಡೆತಕ್ಕೆ ಗಡಸಲ್ಲೇ ಉತ್ತರ ಕೊಟ್ಟರೆ ಸೋಲು, ಹೆಣ್ಣಿನ ನಡೆಯ ಥರ ಬಳುಕಿ ಜಾರಿಸಬೇಕು ಅಂತ ಸೇನಾಪತಿಯ ಹೆಂಡತಿಯೇ ಕಂಡುಹಿಡಿದು ಕಲಿಸುತ್ತಾಳೆ. ಅಲ್ಲಿ ನನಗೆ ಬೆವರು ಕಂಡಿತು. ಒಪ್ಪಿದೆ.

ಎಡಿಟಿಂಗ್ ಟೇಬಲ್

ಸಾರ್ ಒಪ್ಪಿದ್ದೇ ದೊಡ್ಡದು. ಹಾಗೇ ಇನ್ನೊಂದು: ಹೌ ಸಿಯಾವ್-ಸಿಯೆನ್‌ನ 'ದಿ ಅಸ್ಯಾಸಿನ್', 2015. ಕಾನ್‌ನಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಬಂತು. ಓದುಗ ಅವರು ಇದನ್ನು ನೋಡಲೇಬೇಕು. ಇಲ್ಲೂ ಕೊಲ್ಲೋಕೆ ಬಂದವಳು ಕೊಲ್ಲಲ್ಲ. ಒಂದು ದೃಶ್ಯದಲ್ಲಿ ಅವಳು ಕೊಲ್ಲಬೇಕಾದ ಪ್ರಾಂತ್ಯದ ಒಡೆಯ ತನ್ನ ಪ್ರೇಯಸಿಯ ಜೊತೆ ಮಾತಾಡುತ್ತಿರುತ್ತಾನೆ. ಕ್ಯಾಮೆರಾಕ್ಕೆ ರೇಷ್ಮೆ ಪರದೆ ಅಡ್ಡ ಬರುತ್ತೆ, ಹೋಗುತ್ತೆ, ಅಡ್ಡ ಬರುತ್ತೆ. ಎಷ್ಟು ಚೆಂದ ಅಂತ ನೋಡುತ್ತಾ ಇರುವಾಗ ಥಟ್ಟನೆ ಹೊಳೆಯುತ್ತೆ, ಪರದೆಯ ಹಿಂದೆ ಕೊಲ್ಲೋಕೆ ಬಂದ ಶೂ ಕೀ ನಿಂತಿದ್ದಾಳೆ. ನಾವು ಇಷ್ಟು ಹೊತ್ತು ಕೊಲೆಗಾತಿಯ ಜೊತೆ ನಿಂತು ನೋಡುತ್ತಿದ್ದೆವು.

ಆಮೇಲೆ ಅವಳು ತನ್ನ ಗುರುವಿಗೆ ಹೇಳುವ ಕಾರಣ ಒಂದೇ ಸಾಲು. ಅವನನ್ನು ಕೊಂದರೆ ಮಕ್ಕಳು ಚಿಕ್ಕವರು, ಪ್ರಾಂತ್ಯ ಗಲಭೆಯಲ್ಲಿ ಬೀಳುತ್ತೆ. ನೋಡಿದರೆ 'ಹೀರೋ' ಚಿತ್ರದ ಕಾರಣವೇ ಇದು. ಆದರೆ ಇಲ್ಲಿ ಯಾರೂ ಅವಳಿಗೆ ವೀರಮರಣದ ಮೆರವಣಿಗೆ ಮಾಡಲ್ಲ, ಪರದೆ ಮೇಲೆ ಅಕ್ಷರ ಬರಲ್ಲ. ಕನ್ನಡಿ ಉಜ್ಜುವ ಒಬ್ಬ ಹುಡುಗನ ಜೊತೆ ಊರು ಬಿಟ್ಟು ನಡೆದುಹೋಗುತ್ತಾಳೆ.

ಕಡಲ ತಡಿ

ಅದನ್ನು ನಾನು ಎರಡು ಸಲ ಹಾಕಿದ್ದೇನೆ. ಎರಡು ಸಲವೂ ನಿದ್ದೆ. ಬೆಳಗಿನ ಜಾವದವರೆಗೆ ಆಟ ನೋಡಿದವನಿಗೆ ಇದೊಂದು ಅವಮಾನ. ಮೂರನೇ ಸಲ ಪರದೆಯ ಹಿಂದೆ ನೋಡುತ್ತೇನೆ.

ಸುಮ್ನೆ ಓದುಗ

ಪಟ್ಟಿಗೆ ಸೇರಿಸಿಕೊಂಡೆ. ಒಂದೇ ನಿರ್ಧಾರ, ಒಂದು ಕಡೆ ರಾಜ್ಯದ ಗುಣಗಾನ, ಇನ್ನೊಂದು ಕಡೆ ಒಬ್ಬಳ ನಡಿಗೆ. ಇಷ್ಟು ಹತ್ತಿರ ಇವೆ ಅಂತ ಗೊತ್ತಿರಲಿಲ್ಲ.

ಬೊಂಡಾ ಸೂಪ್

ನನ್ನದೂ ಒಂದು ಸಾಕ್ಷಿ. ನಮ್ಮ ಮನೆಯ ಹಳೇ ಟೀವಿಯಲ್ಲಿ ಪಿಕ್ಚರ್ ಟ್ಯೂಬ್ ಹೋಗಿ ಬರೀ ಹಸಿರು ಬರುತ್ತಿತ್ತು. ಹಾಗಾಗಿ ನಾನು 'ಹೀರೋ' ಪೂರ್ತಿಯಾಗಿ ಟೋನಿ ಲ್ಯುಂಗ್ ನೆನಪಾಗಿಯೇ ನೋಡಿದ್ದೇನೆ. ಬಣ್ಣ ತೆಗೆದರೆ ಏನು ಉಳಿಯುತ್ತೆ ಅಂತ ಕೇಳಿದಿರಲ್ಲ, ಏನೂ ಅರ್ಥ ಆಗಲಿಲ್ಲ ಸಾರ್. ಬುಗುರಿ ಅಕ್ಕ ಹೇಳಿದ್ದೇ ಸರಿ.

ಹಳೇ ಟಾಕೀಸು

ಸೂಪ್, ನಿನ್ನ ಟೀವಿಗೆ ನನ್ನ ನಮಸ್ಕಾರ.

ನಿನ್ನೆ ರಾತ್ರಿ ಊಟ ಆದ ಮೇಲೆ ಕೊನೆಯ ಹತ್ತು ನಿಮಿಷ ಮತ್ತೆ ಹಾಕಿದೆ. ಬಾಗಿಲಿನ ಹತ್ತಿರ ನಿಲ್ಲಿಸಿದೆ. ಮಗಳು ಸೋಫಾದಿಂದ ಎದ್ದು ಟೀವಿ ಹತ್ತಿರ ಹೋಗಿ, ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಆ ಅಂಕಲ್ ನಿಂತಿದ್ರಾ?" ಅಂದಳು. ಹೂಂ ಅಂದೆ. "ಹೆಸರಿಲ್ಲದ ಅಂಕಲ್?" ಹೂಂ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಗೊಂಬೆಗಳು ಅಂದಿದ್ದನ್ನು ಅರ್ಧ ವಾಪಸ್ ತಗೊಂಡೆ. ಅಕ್ಷರದ ವಿಷಯದಲ್ಲಿ ಓದುಗರ ಪಕ್ಷ.

ಮುಂದಿನ ಭಾನುವಾರ 'ಎ ಟಚ್ ಆಫ್ ಝೆನ್' ಅಂತ ಮನೆಯಲ್ಲಿ ಘೋಷಣೆ ಆಗಿದೆ. ಮೂರು ಗಂಟೆಗಿಂತ ಜಾಸ್ತಿ ಅಂದಿದ್ದಕ್ಕೆ ಹೆಂಡತಿ ಅಡುಗೆ ನಿಮ್ಮದೇ ಅಂದಿದ್ದಾಳೆ.

ಎಡಿಟಿಂಗ್ ಟೇಬಲ್

ಮಗಳಿಗೆ ಮೊದಲೇ ಹೇಳಿಬಿಡಿ ಸಾರ್. ಮೊದಲ ಒಂದು ಗಂಟೆ ಹತ್ತಿರ ಹತ್ತಿರ ಒಂದೂ ಏಟು ಬೀಳಲ್ಲ. ಪಾಳು ಮನೆ, ಜೇಡರ ಬಲೆ, ಜೊಂಡು ಹುಲ್ಲು, ಅಷ್ಟೇ. ಆ ಹೊತ್ತಲ್ಲಿ ಅನ್ನಕ್ಕಿಟ್ಟು ಬರಬಹುದು. ಆದರೆ ಜೇಡದ ಬಲೆ ತಪ್ಪಿಸಬೇಡಿ.